ಫ್ಲೆಕ್ಸ್‌ನಲ್ಲಿ ನನ್ನ ಹೆಸರಿನ ಜೊತೆ ‘ತಜ್ಞ’ ಅಂತ ಹಾಕಿದ್ದಾರೆ, ಅದು ಸುಳ್ಳಾಗುತ್ತಾ?

ಪ್ರಶ್ನೆ: ಸಾರ್, ನನ್ನದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ವಯಸ್ಸು 39, ಓದಿದ್ದು ಬಿ.ಕಾಂ. 11 ವರ್ಷದಿಂದ ಮೂರು ಎಕರೆ ಕಬ್ಬು ಬೆಳೆಯುತ್ತಿದ್ದೇನೆ, ಸ್ವಂತ ಆಲೆಮನೆ ಇದೆ. ಬೆಲ್ಲದ ಬಣ್ಣ ತಿಳಿಯಾಗಲೆಂದು ಹಾಕುವ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕದೆ ಬೆಲ್ಲ ತೆಗೆಯುತ್ತೇನೆ. ಮೈಸೂರು, ಬೆಂಗಳೂರಿನಲ್ಲಿ ಗಿರಾಕಿಗಳಿದ್ದಾರೆ. ಫೋನಿನಲ್ಲಿ ವಿಡಿಯೋ ಮಾಡಿ ಹಾಕುತ್ತೇನೆ, ನೋಡುವವರೂ ಇದ್ದಾರೆ. ಹೋದ ತಿಂಗಳು ಒಂದು ರೈತರ ಸಭೆಯಲ್ಲಿ ಫ್ಲೆಕ್ಸ್ ಮೇಲೆ ನನ್ನ ಫೋಟೋ ಕೆಳಗೆ ‘ಸಾವಯವ ಬೆಲ್ಲ ಹಾಗೂ ಕೃಷಿ ತಜ್ಞರು’ ಅಂತ ಹಾಕಿಸಿದ್ದರು. ಮಾತು ಮುಗಿದ ಮೇಲೆ ಕೃಷಿ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, ‘ಮಳೆಗಾಲದಲ್ಲಿ ಕೆಲವು ಬೆಲ್ಲ ಯಾಕೆ ನೀರು ಬಿಡುತ್ತೆ ಸಾರ್? ರಸದ ಪಿಎಚ್ ಎಷ್ಟು ಇಟ್ಟುಕೊಳ್ತೀರಿ?’ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಏನೋ ಒಂದು ಹೇಳಿ ಕೂತೆ. ಅವತ್ತಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಇನ್ನೊಂದು ವಿಷಯ. ಪಕ್ಕದ ಊರಿನವರೊಬ್ಬರು ಭತ್ತದ ಗರಿ ಕೆಂಪಾಗಿದೆ ಅಂತ ಫೋನಿನಲ್ಲಿ ಕೇಳಿದ್ದರು. ಹೇಳಿದೆ, ಗುಣವಾಗಲಿಲ್ಲವಂತೆ. ಈಗ ಒಂದು ಸಂಸ್ಥೆಯವರು 12,000 ರೂಪಾಯಿ ಕಟ್ಟಿ ಮೂರು ದಿನ ಬಂದರೆ ‘ಮಾಸ್ಟರ್ ಟ್ರೈನರ್’ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುತ್ತಿದ್ದಾರೆ. ತಗೊಳ್ಳಲಾ? ತಜ್ಞ ಅಂತ ಹೇಳಿಕೊಳ್ಳಲು ನಿಜವಾಗಿ ಏನು ಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉತ್ತರ ಗೊತ್ತಿರಲಿಲ್ಲ ಅನ್ನುವುದನ್ನು ನೀವು ಮುಚ್ಚಿಟ್ಟಿಲ್ಲ. ‘ಏನೋ ಒಂದು ಹೇಳಿ ಕೂತೆ’ ಅನ್ನುವುದನ್ನೂ ಮುಚ್ಚಿಟ್ಟಿಲ್ಲ. ಹಾಗಾಗಿ ನಾನೂ ನೇರವಾಗಿಯೇ ಹೇಳುತ್ತೇನೆ. ಆ ಫ್ಲೆಕ್ಸ್‌ನಲ್ಲಿ ಇದ್ದದ್ದು ಅರ್ಧ ನಿಜ. ಬೆಲ್ಲದ ಮಟ್ಟಿಗೆ ನೀವು ಆ ಪದಕ್ಕೆ ಹತ್ತಿರ ಬಂದಿದ್ದೀರಿ. ‘ಹಾಗೂ ಕೃಷಿ’ ಅಂತ ಸೇರಿಸಿದ್ದು ತಪ್ಪು. ನಿಮ್ಮ ತೊಂದರೆಯೆಲ್ಲ ಶುರುವಾಗಿರುವುದು ಆ ಎರಡು ಪದಗಳಿಂದ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಅದು ಚಿಕ್ಕದು. ಡಾಕ್ಟರು, ವಕೀಲರು, ಆರ್ಕಿಟೆಕ್ಟ್ ಅನ್ನುವ ಹೆಸರುಗಳಿಗೆ ನೋಂದಣಿ ಬೇಕು, ಅದಿಲ್ಲದೆ ಆ ಹೆಸರು ಹೇಳಿಕೊಂಡು ಕೆಲಸ ಮಾಡಿದರೆ ಶಿಕ್ಷೆ ಇದೆ. ‘ಬೆಲ್ಲ ತಜ್ಞ’ ಅನ್ನುವುದಕ್ಕೆ ಅಂಥ ನೋಂದಣಿ ಇಲ್ಲ. ಯಾರೂ ನಿಮ್ಮ ಮೇಲೆ ಕೇಸು ಹಾಕುವುದಿಲ್ಲ. ಆದರೆ ಅದೇ ಫ್ಲೆಕ್ಸ್‌ನಲ್ಲಿದ್ದ ‘ಸಾವಯವ’ ಅನ್ನುವ ಪದ ಹಾಗಲ್ಲ. 2017ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ಸಾವಯವ ಅಂತ ಬರೆದು ಮಾರಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಅನ್ನುವ ಸಾವಯವ ದೃಢೀಕರಣ ವ್ಯವಸ್ಥೆಯ ಪ್ರಮಾಣಪತ್ರ ಬೇಕು. ಸಣ್ಣ ರೈತರು ಗಿರಾಕಿಗೆ ನೇರವಾಗಿ ಮಾರುವುದಕ್ಕೆ ರಿಯಾಯಿತಿ ಇದೆ. ಅಂಗಡಿಯ ಮೂಲಕ ಮಾರಿದರೆ ಆ ರಿಯಾಯಿತಿ ಇಲ್ಲ. ಹೈಡ್ರೋಸ್ ಹಾಕಿಲ್ಲ ಅಂದ ಮಾತ್ರಕ್ಕೆ ಬೆಲ್ಲ ಸಾವಯವ ಆಗುವುದಿಲ್ಲ, ಕಬ್ಬು ಬೆಳೆದ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಮೊದಲು ಸರಿಮಾಡಿಕೊಳ್ಳಿ.

ಇನ್ನು ತಜ್ಞ ಅನ್ನುವ ಪದ. ಕೋರ್ಟಿನಲ್ಲಿ ಈ ಪದಕ್ಕೆ ಬೆಲೆ ಇದೆ. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 45ನೇ ಸೆಕ್ಷನ್ ಇತ್ತು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್. ಅದು ಕೇಳುವುದು ಆ ವಿಷಯದಲ್ಲಿ ವಿಶೇಷ ಪರಿಣತಿ ಇದೆಯಾ ಅಂತ. ಡಿಗ್ರಿ ಕಡ್ಡಾಯ ಅಂತ ಅಲ್ಲಿ ಬರೆದಿಲ್ಲ. ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ತೀರ್ಪು 1999ರದ್ದು. ಹಿಮಾಚಲ ಪ್ರದೇಶದ ಸೇಬಿನ ತೋಟಗಳ ಮೊಕದ್ದಮೆ. ತೋಟಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರು ಮರಗಳಲ್ಲಿ ಎಷ್ಟು ಫಸಲು ಬಂದಿರಬಹುದು ಅಂತ ವರದಿ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ತಜ್ಞರ ಅಭಿಪ್ರಾಯ ಅಂತ ಒಪ್ಪಲಿಲ್ಲ. ಆ ವಿಷಯದಲ್ಲೇ ವಿಶೇಷವಾಗಿ ಓದಿರಬೇಕು, ಇಲ್ಲವೇ ಆ ವಿಷಯದಲ್ಲೇ ವಿಶೇಷ ಅನುಭವ ಗಳಿಸಿರಬೇಕು ಅಂದಿತು. ಜೊತೆಗೆ ಇನ್ನೊಂದು ಮಾತು ಸೇರಿಸಿತು. ತನ್ನ ತೀರ್ಮಾನ ಸರಿಯೋ ತಪ್ಪೋ ಅಂತ ನ್ಯಾಯಾಧೀಶರೇ ಪರೀಕ್ಷಿಸಿ ನೋಡಲು ಬೇಕಾದ ಅಳತೆಗೋಲನ್ನು ಕೊಡುವುದು ತಜ್ಞನ ಕೆಲಸ ಅಂತ.

ನನ್ನ 30 ವರ್ಷದ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ತಜ್ಞ ‘ನನ್ನನ್ನು ನಂಬಿ’ ಅನ್ನುವುದಿಲ್ಲ. ‘ಹೀಗೆ ಮಾಡಿ ನೋಡಿ, ನಾನು ಹೇಳಿದ್ದು ತಪ್ಪಾಗಿದ್ದರೆ ನಿಮಗೇ ಗೊತ್ತಾಗುತ್ತದೆ’ ಅನ್ನುತ್ತಾನೆ.

ಇದು ನಿಮಗೆ ಹೊಸದಲ್ಲ. ನಿಮ್ಮ ಆಲೆಮನೆಯಲ್ಲಿ ದಿನಾ ನಡೆಯುವುದೇ ಇದು. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿರುತ್ತದೆ. ಮೊದಲು ದೊಡ್ಡ ದೊಡ್ಡ ಗುಳ್ಳೆ, ಆಮೇಲೆ ನೊರೆ ಇಳಿದು ಸಣ್ಣ ಗುಳ್ಳೆ, ಪಾಕದ ಸದ್ದೇ ಬೇರೆಯಾಗುತ್ತದೆ. ಪಾಕ ಹಿಡಿಯುವವನು ಸೌಟಿನಲ್ಲಿ ಒಂದಿಷ್ಟು ತೆಗೆದು ತಣ್ಣೀರಿಗೆ ಬಿಡುತ್ತಾನೆ. ಬೆರಳಲ್ಲಿ ಉರುಳಿಸಿದರೆ ಉಂಡೆ ಕಟ್ಟಬೇಕು. ಗಟ್ಟಿ ಉಂಡೆಯಾಗಿ, ಕೊಪ್ಪರಿಗೆಯ ಅಂಚಿಗೆ ಹೊಡೆದರೆ ಟಣ್ ಅನ್ನಬೇಕು. ಆಗ ಹದ. ಥರ್ಮಾಮೀಟರ್ ಇಟ್ಟು ನೋಡಿದರೆ ಸುಮಾರು 116ರಿಂದ 118 ಡಿಗ್ರಿ ಇರುತ್ತದೆ. ಪಾಕ ಹಿಡಿಯುವವನು ಹದ ಆಯಿತು ಅಂದರೆ ಪಕ್ಕದಲ್ಲಿ ನಿಂತವನು ನೀರಿಗೆ ಕೈಹಾಕಿ ನೋಡಬಹುದು. ಅವನ ಮಾತನ್ನು ಪರೀಕ್ಷಿಸುವ ಅಳತೆಗೋಲು ಆ ತಣ್ಣೀರಿನ ತಟ್ಟೆಯಲ್ಲೇ ಇದೆ.

ಈಗ ಜನ ನಂಬಿರುವ ಒಂದೆರಡು ಮಾತುಗಳನ್ನು ನೋಡೋಣ. 10,000 ಗಂಟೆ ಒಂದು ಕೆಲಸ ಮಾಡಿದರೆ ತಜ್ಞ ಆಗುತ್ತೇವೆ ಅಂತ ನೀವೂ ಕೇಳಿರಬಹುದು. ತರಬೇತಿ ಕೊಡುವವರೆಲ್ಲ ಇದನ್ನು ಹೇಳುತ್ತಾರೆ. ಇದು ಬಂದದ್ದು 1993ರ ಒಂದು ಅಧ್ಯಯನದಿಂದ. ಆ್ಯಂಡರ್ಸ್ ಎರಿಕ್ಸನ್ ಅನ್ನುವ ಮನೋವಿಜ್ಞಾನಿ ಮತ್ತು ಅವರ ಜೊತೆಯವರು ಬರ್ಲಿನ್‌ನ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿಯುವವರನ್ನು ನೋಡಿದರು. ಅತಿ ಚೆನ್ನಾಗಿ ನುಡಿಸುವವರು 20ನೇ ವಯಸ್ಸಿಗೆ ಸರಾಸರಿ 10,000 ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು. ಅದು ಸರಾಸರಿ ಅಷ್ಟೆ, ಅವರಲ್ಲೂ ಎಷ್ಟೋ ಜನ ಆ ಗಡಿ ಮುಟ್ಟಿರಲಿಲ್ಲ. 2008ರಲ್ಲಿ ಬಂದ ಒಂದು ಜನಪ್ರಿಯ ಪುಸ್ತಕ ಇದನ್ನೇ ನಿಯಮ ಮಾಡಿಬಿಟ್ಟಿತು. ಹಾಗಲ್ಲ ಅಂತ ಎರಿಕ್ಸನ್ ಅವರೇ ಆಮೇಲೆ ಹೇಳಿದರು. ಗಂಟೆಗಿಂತ ಮುಖ್ಯ ಅಭ್ಯಾಸದ ರೀತಿ. ಬಾರದ್ದನ್ನೇ ಹಿಡಿದು ತಿದ್ದಿಕೊಳ್ಳಬೇಕು, ತಪ್ಪಿದಾಗ ತಪ್ಪು ಅಂತ ತಕ್ಷಣ ತಿಳಿಯಬೇಕು.

ವರ್ಷದ ಲೆಕ್ಕವೂ ಅಷ್ಟೆ. ನಿಮ್ಮ 11 ವರ್ಷವನ್ನು ನಾನು ಗೌರವಿಸುತ್ತೇನೆ. ಆದರೆ ವರ್ಷ ಒಂದೇ ಸಾಕಾಗುವುದಿಲ್ಲ. 2005ರಲ್ಲಿ ವೈದ್ಯರ ಬಗ್ಗೆ ಆಗಿದ್ದ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅರ್ಧಕ್ಕಿಂತ ಜಾಸ್ತಿ ಅಧ್ಯಯನಗಳಲ್ಲಿ ವರ್ಷ ಕಳೆದಂತೆ ಕೆಲಸದ ಗುಣಮಟ್ಟ ಕಡಿಮೆಯಾಗಿತ್ತು. ಹಿರಿಯ ವೈದ್ಯರು ದಡ್ಡರು ಅಂತ ಇದರ ಅರ್ಥ ಅಲ್ಲ. ಹೊಸದು ಬಂದಾಗ ತಿದ್ದಿಕೊಳ್ಳದಿದ್ದರೆ ಅನುಭವ ನಿಂತ ನೀರಾಗುತ್ತದೆ, ಅಷ್ಟೆ.

ನಿಮ್ಮ ಭತ್ತದ ಫೋನಿಗೆ ನೇರವಾಗಿ ಸಂಬಂಧಿಸಿದ್ದು 1973ರ ಒಂದು ಪ್ರಯೋಗ. ಚೆಸ್ ಆಟದಲ್ಲಿ ಪಳಗಿದವರಿಗೆ, ನಡೆಯುತ್ತಿರುವ ಆಟದ ಮಣೆಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರು. ಎಷ್ಟೋ ಕಾಯಿಗಳು ಎಲ್ಲಿದ್ದವು ಅಂತ ಅವರು ಸರಿಯಾಗಿ ಹೇಳಿದರು. ಹೊಸಬರಿಗೆ ಅಷ್ಟು ಆಗಲಿಲ್ಲ. ಆಮೇಲೆ ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದರು. ಈಗ ಪಳಗಿದವರೂ ಹೊಸಬರಷ್ಟೇ ಮುಗ್ಗರಿಸಿದರು. ಅವರಿಗೆ ಇದ್ದದ್ದು ಎಲ್ಲದಕ್ಕೂ ಆಗುವ ನೆನಪಿನ ಶಕ್ತಿ ಅಲ್ಲ, ಆ ಆಟದ ಒಳಗಿನ ಪರಿಚಯ.

ಕೊಪ್ಪರಿಗೆ ನಿಮಗೆ ಗೊತ್ತಿರುವ ಮಣೆ. ಭತ್ತದ ಗದ್ದೆ ಹಾಗಲ್ಲ. ಆದರೆ ಒಂದರಲ್ಲಿ ಕೈ ಪಳಗಿದ ಮೇಲೆ ಇನ್ನೊಂದರಲ್ಲೂ ಬಾಯಿ ಅಷ್ಟೇ ಧೈರ್ಯವಾಗಿ ಮಾತಾಡುತ್ತದೆ. ಇದು ನನಗೂ ಆಗಿದೆ.

ನಾನು ಓದಿದ್ದು ಮಣ್ಣು ವಿಜ್ಞಾನ. ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ನಾಲೆ ಬಯಲಿನ ಒಂದು ಹಳ್ಳಿಗೆ ಹೋಗಿದ್ದೆ. ಕೂಳೆ ಕಬ್ಬು, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು, ಅಲ್ಲಲ್ಲಿ ಹಳದಿ ತಿರುಗಿತ್ತು. ಬದುವಿನ ಮೇಲೆ ನಿಂತೇ ನೋಡಿ, ಕಬ್ಬಿಣದ ಅಂಶ ಕಡಿಮೆ, ಅನ್ನಭೇದಿ ಸಿಂಪಡಿಸಿ ಅಂದೆ. ರೈತರು ಎರಡು ಸಲ ಸಿಂಪಡಿಸಿದರು. ಮೂರು ವಾರ ಬಿಟ್ಟು ಹೋದರೆ ಹಳದಿ ಇನ್ನೂ ಹರಡಿತ್ತು. ಆ ಮನೆಯ ಅಜ್ಜಿ ಏನೂ ಮಾತಾಡದೆ ಗದ್ದೆಗೆ ಇಳಿದು ಒಂದು ಬುಡವನ್ನು ಒಂದೇ ಕೈಯಲ್ಲಿ ಹಿಡಿದು ಎಳೆದರು. ಇಡೀ ಬುಡ ಹಾಗೇ ಕಿತ್ತು ಬಂತು. ಬೇರೇ ಇರಲಿಲ್ಲ. ಮಣ್ಣಿನಲ್ಲಿ ಹೆಬ್ಬೆರಳ ಗಾತ್ರದ ಬಿಳಿ ಗೊಣ್ಣೆ ಹುಳುಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು. ‘ಗರಿ ನೋಡಿದ್ರಿ, ಬುಡ ನೋಡ್ನಿಲ್ವಲ್ಲ ಸಾ’ ಅಂದರು ಅಜ್ಜಿ.

ಕಬ್ಬಿಣದ ಕೊರತೆಯಾದರೆ ಎಳೆ ಗರಿ ಮೊದಲು ಬಿಳಿಚಿಕೊಳ್ಳುತ್ತದೆ, ನರ ಹಸಿರಾಗಿಯೇ ಇರುತ್ತದೆ. ಗೊಣ್ಣೆ ಹುಳು ಬೇರು ತಿಂದರೆ ಬುಡಕ್ಕೆ ಬುಡವೇ ಹಳದಿಯಾಗಿ ಒಣಗುತ್ತದೆ, ಎಳೆದರೆ ಸಲೀಸಾಗಿ ಬರುತ್ತದೆ. ನನಗೆ ಎರಡೂ ಓದಿ ಗೊತ್ತಿತ್ತು. ಆದರೆ ನಾನು ಮಣ್ಣಿನವನಾದ್ದರಿಂದ ನನಗೆ ಮಣ್ಣಿನ ಕೊರತೆಯೇ ಕಂಡಿತು. ಆ ರೈತರಿಗೆ ಮೂರು ವಾರ ಮತ್ತು ಔಷಧಿಯ ದುಡ್ಡು ಹೋಯಿತು. ಹುಳು ಅಷ್ಟು ದಿನ ತಿನ್ನುತ್ತಲೇ ಇತ್ತು. ಅವತ್ತಿನಿಂದ ಗದ್ದೆಗೆ ಇಳಿಯದೆ, ಒಂದು ಬುಡ ಕೀಳದೆ ನಾನು ಕಬ್ಬಿನ ಬಗ್ಗೆ ಬಾಯಿ ತೆರೆದಿಲ್ಲ.

ನಿಮಗೆ ಬಂದ ಫೋನನ್ನೇ ನೋಡಿ. ‘ಗರಿ ಕೆಂಪಾಗಿದೆ’ ಅಂದರಲ್ಲವಾ? ನಾಟಿ ಮಾಡಿದ ಎರಡು ಮೂರು ವಾರಕ್ಕೆ ಗರಿಯ ಮೇಲೆ ಕಂದು ಕೆಂಪು ಚುಕ್ಕೆ ಬಂದು ಪೈರು ಕುಗ್ಗಿದರೆ ಸತುವಿನ ಕೊರತೆ ಇರಬಹುದು. ಮಧ್ಯೆ ಬೂದಿ ಬಣ್ಣ, ಎರಡು ತುದಿ ಚೂಪಾದ ಕಣ್ಣಿನ ಆಕಾರದ ಚುಕ್ಕೆಯಾದರೆ ಬೆಂಕಿ ರೋಗ. ಗದ್ದೆಯಲ್ಲಿ ಅಲ್ಲಲ್ಲಿ ದುಂಡಗೆ ಸುಟ್ಟ ಹಾಗೆ ಕಂಡು, ಬುಡ ಬಿಡಿಸಿದರೆ ಕಂದು ಜಿಗಿಹುಳು ಇದ್ದರೆ ಅದೇ ಬೇರೆ ಕಥೆ. ಪೈರು ಸೊರಗಿದೆ ಅಂತ ಯೂರಿಯಾ ಎರಚಿದರೆ ಸತುವಿನ ಕೊರತೆ ತೀರುವುದಿಲ್ಲ, ಬೆಂಕಿ ರೋಗ ಮತ್ತು ಜಿಗಿಹುಳು ಇನ್ನೂ ಜಾಸ್ತಿಯಾಗುತ್ತವೆ. ಫೋನಿನಲ್ಲಿ ಮೂರೂ ಒಂದೇ ಮಾತಾಗಿ ಕೇಳಿಸುತ್ತದೆ. ಸಭೆಯಲ್ಲಿ ಆದ ಅವಮಾನಕ್ಕಿಂತ ನನಗೆ ಚಿಂತೆ ಇದರದ್ದು. ಸಭೆಯಲ್ಲಿ ನೋವಾದದ್ದು ನಿಮಗೊಬ್ಬರಿಗೆ, ಗದ್ದೆಯಲ್ಲಿ ನಷ್ಟವಾದದ್ದು ಇನ್ನೊಬ್ಬರಿಗೆ.

ಇನ್ನೂ ಒಂದು ವ್ಯತ್ಯಾಸ ಗಮನಿಸಿ. ಕೊಪ್ಪರಿಗೆ ಅವತ್ತೇ ಉತ್ತರ ಕೊಡುತ್ತದೆ. ಪಾಕ ಬೇಗ ಇಳಿಸಿದರೆ ಬೆಲ್ಲ ಅಚ್ಚು ಕಟ್ಟುವುದಿಲ್ಲ, ತಡಮಾಡಿದರೆ ಸೀದು ಕಪ್ಪಾಗುತ್ತದೆ. 11 ವರ್ಷ ದಿನಾ ಹೀಗೆ ತಿದ್ದಿಸಿಕೊಂಡಿದ್ದೀರಿ. ಫೋನಿನಲ್ಲಿ ಕೊಟ್ಟ ಸಲಹೆಗೆ ಉತ್ತರವೇ ಬರುವುದಿಲ್ಲ. ಗುಣವಾದರೆ ಕೆಲವರು ಹೇಳುತ್ತಾರೆ, ಆಗದಿದ್ದರೆ ಮತ್ತೆ ಫೋನ್ ಮಾಡುವುದಿಲ್ಲ. ವಿಡಿಯೋ ನೋಡುವವರ ಸಂಖ್ಯೆಯೂ ಹಾಗೆಯೇ. ಎಷ್ಟು ಜನ ನೋಡಿದರು ಅಂತ ತಿಳಿಯುತ್ತದೆ, ಎಷ್ಟು ಜನರಿಗೆ ಬೆಲ್ಲ ಸರಿಯಾಗಿ ಬಂತು ಅಂತ ತಿಳಿಯುವುದಿಲ್ಲ. ಒಳಗಿನಿಂದ ಥಟ್ಟನೆ ಹೊಳೆಯುವ ಮಾತನ್ನು ಯಾವಾಗ ನಂಬಬಹುದು ಅಂತ 2009ರಲ್ಲಿ ಡೇನಿಯಲ್ ಕಾನೆಮನ್, ಗ್ಯಾರಿ ಕ್ಲೈನ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಸೇರಿ ಬರೆದರು. ಮೊದಲು ಅವರಿಬ್ಬರ ಅಭಿಪ್ರಾಯ ಬೇರೆ ಬೇರೆ ಇತ್ತು. ಕೊನೆಗೆ ಒಪ್ಪಿದ್ದು ಇಷ್ಟಕ್ಕೆ: ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು, ಆ ಕ್ರಮವನ್ನು ಕಲಿಯುವಷ್ಟು ಸಲ ತಪ್ಪು ಸರಿ ತಿಳಿದಿರಬೇಕು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಅದು ಒಳ್ಳೆಯ ಪ್ರಶ್ನೆ, ಉತ್ತರ ನಿಮಗೆ ಅರ್ಧ ಗೊತ್ತೇ ಇದೆ. ಕಬ್ಬು ಕಡಿದ ದಿನವೇ ಅರೆಯಬೇಕು, ಎರಡು ಮೂರು ದಿನ ಬಿಟ್ಟರೆ ಬೆಲ್ಲ ಚೆನ್ನಾಗಿ ಬರಲ್ಲ ಅಂತ ನೀವೇ ಹತ್ತು ಜನಕ್ಕೆ ಹೇಳಿರುತ್ತೀರಿ. ಕಾರಣ ಇದು. ಕಬ್ಬಿನ ರಸದಲ್ಲಿರುವ ಸಕ್ಕರೆ ಮುಖ್ಯವಾಗಿ ಸುಕ್ರೋಸ್. ಕಡಿದು ಇಟ್ಟ ಕಬ್ಬಿನಲ್ಲಿ, ಹುಳಿ ಇರುವ ರಸ ಕಾಯುವಾಗ, ಅದು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಇವು ಜಾಸ್ತಿಯಾದ ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ನೀರು ಬಿಡುತ್ತದೆ. ತಾಜಾ ರಸದ ಪಿಎಚ್ (ಹುಳಿಯ ಅಳತೆ) ಸಾಮಾನ್ಯವಾಗಿ 5.2ರಿಂದ 5.5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ನೀವು ಹಾಕುವ ಸುಣ್ಣದ ತಿಳಿ ಆ ಹುಳಿಯನ್ನು ಕಡಿಮೆ ಮಾಡಿ ಸಕ್ಕರೆ ಒಡೆಯುವುದನ್ನು ತಡೆಯುತ್ತದೆ. ಸುಣ್ಣ ಜಾಸ್ತಿಯಾದರೆ ಬಣ್ಣ ಕಪ್ಪಾಗುತ್ತದೆ. ಬೆಂಡೆ ಗಿಡದ ಲೋಳೆ ಮಾಡುವ ಕೆಲಸ ಬೇರೆ, ಅದು ರಸದ ಕೊಳೆಯನ್ನು ಹಿಡಿದು ಮೇಲಕ್ಕೆ ತರುತ್ತದೆ. ಯೂರಿಯಾ ಜಾಸ್ತಿ ಹಾಕಿದ ಕಬ್ಬು, ನಾಲೆಯ ಕೊನೆಯಲ್ಲಿ ಚೌಳು ಹಿಡಿದ ಭೂಮಿಯ ಕಬ್ಬು, ಇವುಗಳ ಬೆಲ್ಲವೂ ಬೇಗ ಮೆತ್ತಗಾಗುತ್ತದೆ.

ಮಾಡುವುದು ನಿಮಗೆ ಗೊತ್ತು. ಯಾಕೆ ಅನ್ನುವುದು ಗೊತ್ತಿರಲಿಲ್ಲ. ಸ್ವಂತಕ್ಕೆ ಬೆಲ್ಲ ತೆಗೆಯಲು ಯಾಕೆ ಗೊತ್ತಿರಬೇಕಿಲ್ಲ, ಕೈಗೆ ಗೊತ್ತಿದ್ದರೆ ಸಾಕು. ಇನ್ನೊಬ್ಬರಿಗೆ ಕಲಿಸಬೇಕಾದರೆ ಸಾಲದು. ಅವರ ಕಬ್ಬು ಬೇರೆ, ಮಣ್ಣು ಬೇರೆ, ನೀರು ಬೇರೆ. ನಿಮ್ಮಲ್ಲಿ ನಡೆದದ್ದು ಅವರಲ್ಲಿ ಕೆಟ್ಟಾಗ ಎಲ್ಲಿ ಕೆಟ್ಟಿತು ಅಂತ ಹುಡುಕಲು ಕಾರಣ ಬೇಕಾಗುತ್ತದೆ.

ಇನ್ನು ಸರ್ಟಿಫಿಕೇಟ್. ಮೂರು ದಿನದ ತರಬೇತಿಯಲ್ಲಿ ಕಲಿಯಲು ಏನಾದರೂ ಇದ್ದರೆ ಹೋಗಿ. ಕಟ್ಟುವ ಮೊದಲು ಎರಡು ಮಾತು ಕೇಳಿ. ಕೊನೆಗೆ ಪರೀಕ್ಷೆ ಇದೆಯಾ? ಅದರಲ್ಲಿ ಯಾರಾದರೂ ಫೇಲ್ ಆಗಿದ್ದಾರಾ? ದುಡ್ಡು ಕಟ್ಟಿದವರೆಲ್ಲ ಪಾಸಾಗುವ ಕಡೆ ನೀವು ಕೊಂಡುಕೊಳ್ಳುವುದು ಕಾಗದ ಮಾತ್ರ. ಆ ಕಾಗದ ಗೋಡೆ ಮೇಲೆ ಇದ್ದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು ಇನ್ನೂ ಕಷ್ಟ ಆಗುತ್ತದೆ. ನಾನು ಅದನ್ನೇ ದೊಡ್ಡ ಅಪಾಯ ಅಂದುಕೊಂಡಿದ್ದೇನೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ನಾಲೆ ನೀರು ಹೊಸದಾಗಿ ಬಂದ ಕಾಲದಲ್ಲಿ, 1931ರಲ್ಲಿ, ಈ ಭಾಗಕ್ಕೆ ಯಾವ ಬೆಳೆ ಹೇಗೆ ಅಂತ ಬೆಳೆದು ನೋಡಲೆಂದೇ ಶುರುವಾದ ಫಾರಂ ಅದು. ನಿಮ್ಮ ಬೆಲ್ಲದ ನಾಲ್ಕು ಅಚ್ಚು, ನಿಮ್ಮ ಪ್ರಶ್ನೆಗಳು, ಎರಡನ್ನೂ ತಗೊಂಡು ಅಲ್ಲಿಗೆ ಹೋಗಿ. ಪ್ರಮಾಣಪತ್ರವೇ ಬೇಕು ಅಂತಿದ್ದರೆ, ಕೆಲಸ ಮಾಡಿಯೇ ಕಲಿತವರನ್ನು ಪರೀಕ್ಷೆ ಮಾಡಿ ಗುರುತಿಸುವ ವ್ಯವಸ್ಥೆ ಸರ್ಕಾರದ ಕೌಶಲ್ಯ ಯೋಜನೆಯಲ್ಲಿ ಇದೆ, ಆರ್‌ಪಿಎಲ್ ಅನ್ನುತ್ತಾರೆ. ನಿಮ್ಮ ಕೆಲಸಕ್ಕೆ ಹೊಂದುವುದು ಇದೆಯಾ ಅಂತ ವಿಚಾರಿಸಿ.

ಎಲ್ಲ ಬಿಟ್ಟು ಸುಮ್ನೆ ಬೆಲ್ಲ ಮಾಡಿಕೊಂಡಿರುವುದು ಇನ್ನೊಂದು ದಾರಿ. ಅದರಲ್ಲಿ ನಿಮಗೆ ನೆಮ್ಮದಿ, ಆದರೆ ನಿಮ್ಮಿಂದ ಕಲಿಯಬಹುದಾದವರಿಗೆ ನಷ್ಟ. ಹೈಡ್ರೋಸ್ ಇಲ್ಲದೆ ಬೆಲ್ಲ ತೆಗೆದು ಮಾರಿ 11 ವರ್ಷ ಉಳಿದವರು ಕಡಿಮೆ. ಹಾಗಾಗಿ ಅದು ಬೇಡ ಅನ್ನುತ್ತೇನೆ.

ನಾನಾದರೆ ಹೆಸರನ್ನು ಚಿಕ್ಕದು ಮಾಡುತ್ತಿದ್ದೆ. ತಜ್ಞ ಅನ್ನುವ ಪದವನ್ನೇ ಬಿಡಿಸಿ ನೋಡಿ. ತತ್ ಅಂದರೆ ಅದು, ಜ್ಞ ಅಂದರೆ ಬಲ್ಲವನು. ಅದನ್ನು ಬಲ್ಲವನು. ಪದವೇ ‘ಯಾವುದನ್ನು?’ ಅಂತ ಕೇಳುತ್ತದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಗನಿ ಖಾನ್ ಅವರ ಹೆಸರು ಕೇಳಿರುತ್ತೀರಿ. ದೇಸಿ ಭತ್ತದ ನೂರಾರು ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದವರು. ದೂರದಿಂದ ಜನ ಅವರ ಹತ್ತಿರ ಬರುವುದು ಆ ಭತ್ತ ಗದ್ದೆಯಲ್ಲಿ ನಿಂತಿರುವುದರಿಂದ. ಹೋಗಿ ನೋಡಬಹುದು, ಮುಟ್ಟಬಹುದು. ನಿಮ್ಮದು ‘ಹೈಡ್ರೋಸ್ ಇಲ್ಲದ ಬೆಲ್ಲ ತಯಾರಿಕೆ, 11 ವರ್ಷದ ಅನುಭವ’. ಮುಂದಿನ ಫ್ಲೆಕ್ಸ್‌ನಲ್ಲಿ ಅಷ್ಟನ್ನೇ ಬರೆಸಿ, ಕರೆಯುವವರಿಗೆ ಮೊದಲೇ ಹೇಳಿ. ಹೀಗೆ ಮಾಡಿದರೆ ಕೆಲವರು ಕರೆಯದೇ ಇರಬಹುದು, ಅದನ್ನೂ ತಿಳಿದಿರಿ. ಸಭೆ ನಡೆಸುವವರಿಗೆ ದೊಡ್ಡ ಹೆಸರು ಇಷ್ಟ. ಆದರೆ ಬಂದ ಪ್ರಶ್ನೆ ನಿಮ್ಮ ಬದುವಿನ ಒಳಗಿನದ್ದಾಗಿರುತ್ತದೆ.

ಆಲೆಮನೆಯಲ್ಲಿ ಒಂದು ನೋಟ್ ಪುಸ್ತಕ ಇಡಿ. ಯಾವ ತಳಿ, ತನಿಯೋ (ಹೊಸದಾಗಿ ನೆಟ್ಟದ್ದು) ಕೂಳೆಯೋ, ಕಡಿದು ಎಷ್ಟು ಗಂಟೆಗೆ ಅರೆದದ್ದು, ಪಿಎಚ್, ಎಷ್ಟು ಸುಣ್ಣ, ಇಳಿಸಿದಾಗ ಎಷ್ಟು ಡಿಗ್ರಿ. ಪ್ರತಿ ಕೊಪ್ಪರಿಗೆಯಿಂದ ಒಂದು ಅಚ್ಚು ತೆಗೆದಿಟ್ಟು ಮಳೆಗಾಲದಲ್ಲಿ ನೋಡಿ ಬರೆಯಿರಿ. ಹೇಳಿದಂತೆ ಆಗಲಿಲ್ಲ ಅನ್ನುವುದನ್ನೂ ಬರೆಯಿರಿ. ಮುಖ್ಯವಾಗಿ ಅದನ್ನೇ. ಎರಡು ಹಂಗಾಮು ಹೀಗೆ ಬರೆದರೆ ನಿಮ್ಮ ಮಾತನ್ನು ಯಾರು ಬೇಕಾದರೂ ಪುಟ ತೆರೆದು ಪರೀಕ್ಷಿಸಬಹುದು.

ಭತ್ತದ ಬಗ್ಗೆ, ರೋಗದ ಬಗ್ಗೆ ಫೋನ್ ಬಂದರೆ ‘ಅದು ನನಗೆ ಗೊತ್ತಿಲ್ಲಣ್ಣ, ಗೊತ್ತಿರುವವರನ್ನು ಕೇಳೋಣ’ ಅನ್ನಿ. ರೈತ ಸಂಪರ್ಕ ಕೇಂದ್ರ ಇದೆ. ಕಿಸಾನ್ ಕಾಲ್ ಸೆಂಟರ್ ನಂಬರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ. ಬೇರು ಸಮೇತ ಒಂದು ಪೈರು ಕಿತ್ತು ಕವರಿನಲ್ಲಿ ಹಾಕಿಕೊಂಡು ಹೋಗಲು ಹೇಳಿ.

ಪಕ್ಕದ ಊರಿನವರಿಗೆ ಇವತ್ತೇ ಫೋನ್ ಮಾಡಿ. ಅವತ್ತು ಹೇಳಿದ್ದು ನೋಡದೆ ಹೇಳಿದ್ದು, ತಪ್ಪಾಯಿತು ಅನ್ನಿ. ಪೈರು ಇನ್ನೂ ಗದ್ದೆಯಲ್ಲಿದ್ದರೆ ನೀವೇ ಜೊತೆಗೆ ಹೋಗಿ ತೋರಿಸಿಕೊಂಡು ಬನ್ನಿ. ಸಭೆ ನಡೆಸಿದವರ ಹತ್ತಿರ ಆ ಹುಡುಗಿಯ ಪರಿಚಯ ಇರುತ್ತದೆ. ಅವರ ಮೂಲಕ ಹೇಳಿ ಕಳಿಸಿ, ಕಬ್ಬು ಅರೆಯುವ ದಿನ ಆಲೆಮನೆಗೆ ಬರಲಿ. ಬರುವಾಗ ಪಿಎಚ್ ನೋಡುವ ಕಾಗದ ತರಲಿ. ಸುಣ್ಣ ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಒಂದು ಸಲ, ಇಬ್ಬರೂ ಸೇರಿ ನೋಡಿ ಬರೆದುಕೊಳ್ಳಿ. ಹದ ನೋಡುವಾಗ ತಣ್ಣೀರಿನ ತಟ್ಟೆ ಅವಳ ಕೈಗೂ ಕೊಡಿ.